ಕ್ರೂಸರ್ ಬೈಕಿನ ಬ್ಯಾಕ್‌ರೆಸ್ಟ್ ಬಿಚ್ಚುವ ಕ್ರಮ: ಹಿಡಿಕೆ ಜಾಗದಲ್ಲೇ ಇರಲಿ

ಕ್ರೂಸರ್ ಬೈಕಿನಲ್ಲಿ ಹಿಂದೆ ಕೂರುವವರು ಒರಗುವ ಬ್ಯಾಕ್‌ರೆಸ್ಟ್ ಬಿಚ್ಚಲು ಗ್ಯಾರೇಜಿಗೆ ಹೋಗಬೇಕಾಗಿಲ್ಲ. ಬೋಲ್ಟ್‌ಗಳಿಗೆ ತುಕ್ಕು ಹಿಡಿದಿರದಿದ್ದರೆ ಮನೆಯ ಅಂಗಳದಲ್ಲೇ ಅರ್ಧ ತಾಸಿನಲ್ಲಿ ಮುಗಿಯುವ ಕೆಲಸ. ಆದರೆ ಪಾನಾ ಕೈಗೆತ್ತಿಕೊಳ್ಳುವ ಮೊದಲು ಒಂದು ವಿಷಯ ನೋಡಿಕೊಳ್ಳಬೇಕು: ಆ ಬೋಲ್ಟ್‌ಗಳು ಬ್ಯಾಕ್‌ರೆಸ್ಟನ್ನಷ್ಟೇ ಹಿಡಿದಿವೆಯೋ, ಬೇರೆಯದನ್ನೂ ಹಿಡಿದಿವೆಯೋ? ಬಹಳಷ್ಟು ಗಾಡಿಗಳಲ್ಲಿ ಅದೇ ಬೋಲ್ಟ್ ಹಿಂದಿನ ಸವಾರರ ಹಿಡಿಕೆಯನ್ನು, ಮಡ್‌ಗಾರ್ಡನ್ನು, ಕೆಲವೊಮ್ಮೆ ಇಂಡಿಕೇಟರನ್ನೂ ಹಿಡಿದಿರುತ್ತದೆ. ಇದನ್ನು ನೋಡದೆ ಎಲ್ಲವನ್ನೂ ಬಿಚ್ಚಿ, ಹಿಡಿಕೆಯನ್ನೂ ತೆಗೆದು, ಗಾಡಿಯ ಹಿಂಭಾಗವನ್ನು ನುಣ್ಣಗೆ ಮಾಡಿಕೊಂಡು ತಿರುಗುವ ಹುಡುಗರನ್ನು ಹುಬ್ಬಳ್ಳಿಯ ರಸ್ತೆಗಳಲ್ಲಿ ಕಂಡಾಗ ನನಗೆ ಸಿಟ್ಟು ಬರುತ್ತದೆ. ಹಿಂದೆ ಕುಳಿತ ತಾಯಿಯೋ ತಂಗಿಯೋ ಏನನ್ನು ಹಿಡಿದುಕೊಳ್ಳಬೇಕು?

ನಾನು ಗದಗ ರಸ್ತೆಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಬೋಗಿಗಳು ಅವಧಿ ಮುಗಿದಾಗ ನಮ್ಮಲ್ಲಿಗೆ ಬರುತ್ತವೆ. ಅವುಗಳನ್ನು ಬಿಚ್ಚುವುದು, ಪರೀಕ್ಷಿಸುವುದು, ಮತ್ತೆ ಜೋಡಿಸುವುದು ನಮ್ಮ ನಿತ್ಯದ ಕೆಲಸ. ಬಿಚ್ಚಿದ ಬೋಲ್ಟ್ ಎಲ್ಲಿಯದು, ಎಷ್ಟು ಉದ್ದದ್ದು, ಯಾವ ದರ್ಜೆಯದು ಎಂದು ಕೇಳಿದರೆ ಉತ್ತರ ಕೊಡಲು ಬರಬೇಕು. ಅದೇ ಶಿಸ್ತನ್ನು ಮನೆಯ ಗಾಡಿಗೂ ಅನ್ವಯಿಸಿದ್ದೇನೆ, ಅಷ್ಟೇ.

ನಮ್ಮದು ಬಜಾಜ್ ಅವೆಂಜರ್ ಸ್ಟ್ರೀಟ್, ಕೊಂಡದ್ದು ಎರಡನೇ ಕೈಯಿಂದ. ಬ್ಯಾಕ್‌ರೆಸ್ಟ್ ಕಂಪನಿಯದಲ್ಲ, ಮೊದಲಿನ ಮಾಲೀಕರು ಅಂಗಡಿಯಲ್ಲಿ ಹಾಕಿಸಿದ್ದು. ನಮ್ಮ ಅತ್ತೆ ಸೀರೆ ಉಟ್ಟು ಎಡಗಡೆಗೆ ಎರಡೂ ಕಾಲು ಹಾಕಿ ಕುಳಿತುಕೊಳ್ಳುತ್ತಾರೆ. ಹಾಗೆ ಕುಳಿತಾಗ ಬ್ಯಾಕ್‌ರೆಸ್ಟಿನ ಕಬ್ಬಿಣದ ಕಂಬ ಅವರ ಬೆನ್ನಿಗೆ ಆಸರೆಯಾಗುವುದಿಲ್ಲ, ಎಡ ಸೊಂಟಕ್ಕೆ ಒತ್ತುತ್ತದೆ. ಕೇಶ್ವಾಪುರದಿಂದ ಸಿದ್ಧಾರೂಢ ಮಠಕ್ಕೆ ಹೋಗಿಬರುವಷ್ಟರಲ್ಲಿ ಸೊಂಟ ಹಿಡಿದುಕೊಳ್ಳುತ್ತಿದ್ದರು. "ಇದನ್ನು ತೆಗೆದುಬಿಡವ್ವ, ಇದಿಲ್ಲದಿದ್ದರೆ ಆರಾಮಾಗಿ ಕೂಡುತ್ತೇನೆ" ಎಂದರು. ತೆಗೆಯುವ ಮೊದಲು ಅವರನ್ನು ನಿಂತ ಗಾಡಿಯ ಮೇಲೆ ಕೂರಿಸಿ ಅವರ ಎಡಗೈ ಎಲ್ಲಿದೆ ಎಂದು ನೋಡಿದೆ. ಬಲಗೈ ನನ್ನ ಹೆಗಲ ಮೇಲಿತ್ತು. ಎಡಗೈ ಸೊಂಟಕ್ಕೆ ಒತ್ತುತ್ತಿದ್ದ ಅದೇ ಕಂಬವನ್ನು ಬಿಗಿಯಾಗಿ ಹಿಡಿದಿತ್ತು. ಒಂದೇ ಬದಿಗೆ ಕಾಲು ಹಾಕಿ ಕೂರುವವರಿಗೆ ಬ್ಯಾಕ್‌ರೆಸ್ಟ್ ಎಂದರೆ ಒರಗುವ ವಸ್ತುವಲ್ಲ, ಎಡಗೈಗೆ ಸಿಗುವ ಹಿಡಿಕೆ. ಅದನ್ನು ತೆಗೆದರೆ ಆ ಕೈಗೆ ಬೇರೆ ಜಾಗ ತೋರಿಸಿಕೊಡಬೇಕು. ನೀವೂ ಮೊದಲು ಇದನ್ನೇ ಮಾಡಿ: ನಿಮ್ಮ ಹಿಂದೆ ಹೆಚ್ಚಾಗಿ ಯಾರು ಕೂರುತ್ತಾರೋ ಅವರನ್ನು ಕೂರಿಸಿ, ಕೈ ಎಲ್ಲಿಗೆ ಹೋಗುತ್ತದೆ ಎಂದು ನೋಡಿ.

ಕಾನೂನು ಕೂಡ ಇದನ್ನೇ ಹೇಳುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮದ ಪ್ರಕಾರ, ಹಿಂಬದಿ ಸವಾರರಿಗೆ ಜಾಗವಿರುವ ಮೋಟಾರ್‌ಸೈಕಲ್‌ಗೆ ಚಾಲಕರ ಸೀಟಿನ ಪಕ್ಕದಲ್ಲೋ ಹಿಂದೆಯೋ ಕಾಯಂ ಹಿಡಿಕೆ ಇರಬೇಕು, ಕಾಲಿಡಲು ಫುಟ್‌ರೆಸ್ಟ್ ಇರಬೇಕು, ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂದಿನ ಗಾಲಿಯ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಭಾಗವನ್ನು ಮುಚ್ಚುವ ರಕ್ಷಣೆ ಇರಬೇಕು. ನಾವು ಸೀರೆ ಗಾರ್ಡ್ ಎನ್ನುವುದು ಇದಕ್ಕೇ. ಬ್ಯಾಕ್‌ರೆಸ್ಟ್ ಈ ಪಟ್ಟಿಯಲ್ಲಿಲ್ಲ. ಹಾಗಾಗಿ ಒರಗುವ ಭಾಗ ಹೋಗಲಿ, ಹಿಡಿಕೆಯೂ ಸೀರೆ ಗಾರ್ಡೂ ಜಾಗ ಬಿಟ್ಟು ಕದಲಬಾರದು.

ಈಗ ನಿಮ್ಮ ಗಾಡಿಯಲ್ಲಿ ಅದು ಹೇಗೆ ಕೂತಿದೆ ಎಂದು ಕೆಳಗೆ ಬಗ್ಗಿ ನೋಡಿ. ಕೆಲವದರಲ್ಲಿ ಹಿಡಿಕೆಯೇ ಮೇಲಕ್ಕೆ ಬಾಗಿ ಕಂಬವಾಗಿರುತ್ತದೆ, ದಿಂಬನ್ನು ಮಾತ್ರ ಹಿಂದಿನಿಂದ ಸ್ಕ್ರೂ ಅಥವಾ ಬೋಲ್ಟ್ ಹಾಕಿ ಕೂರಿಸಿರುತ್ತಾರೆ. ಅಂಥದರಲ್ಲಿ ದಿಂಬು ಬಿಚ್ಚಿದರೆ ಬರಿಯ ಕಬ್ಬಿಣ ಉಳಿಯುತ್ತದೆ. ಬೆನ್ನಿಗೆ ಅದು ಮೊದಲಿಗಿಂತ ಅಪಾಯ, ಆದ್ದರಿಂದ ಹಿಡಿಕೆ ಸಮೇತ ಬದಲಿಸುವುದಿದ್ದರೆ ಮಾತ್ರ ಕೈ ಹಾಕಿ. ಕೆಲವದರಲ್ಲಿ ಹಿಡಿಕೆ ಬೇರೆ, ಅದರ ಮೇಲೆ ಕಂಬದ ಪಟ್ಟಿ ಬೇರೆ. ಎರಡಕ್ಕೂ ಒಂದೇ ಬೋಲ್ಟ್. ನಮ್ಮದು ಈ ಜಾತಿಯದು, ಅಂಗಡಿಯಲ್ಲಿ ಹಾಕಿಸಿದವು ಬಹುತೇಕ ಹೀಗೇ ಇರುತ್ತವೆ. ಹಾರ್ಲೆಯಂಥ ಗಾಡಿಗಳಲ್ಲಿ ಪಾನಾ ಇಲ್ಲದೆ ಲಾಕ್ ತಿರುಗಿಸಿ ಎತ್ತಿ ತೆಗೆಯುವ ಬಗೆಯೂ ಇದೆ. ಅದಕ್ಕೆ ಈ ಬರಹದ ಅಗತ್ಯವಿಲ್ಲ. ರಾಯಲ್ ಎನ್‌ಫೀಲ್ಡ್ ಮೀಟಿಯೋರ್ 350 ಇರುವವರಿಗೆ ಒಂದು ಅನುಕೂಲವಿದೆ. 2020ರ ನವೆಂಬರಿನಲ್ಲಿ ಆ ಗಾಡಿ ಬಂದಾಗ ಸ್ಟೆಲ್ಲಾರ್ ಮತ್ತು ಸೂಪರ್‌ನೋವಾ ಮಾದರಿಗಳಿಗೆ ಬ್ಯಾಕ್‌ರೆಸ್ಟ್ ಕೊಟ್ಟರು, ಫೈರ್‌ಬಾಲ್‌ಗೆ ಕೊಡಲಿಲ್ಲ. ಪರಿಚಯದವರ ಫೈರ್‌ಬಾಲ್ ಪಕ್ಕದಲ್ಲಿ ನಿಮ್ಮ ಗಾಡಿ ನಿಲ್ಲಿಸಿ ಎರಡರ ಹಿಂಭಾಗವನ್ನೂ ಹೋಲಿಸಿ. ಕಂಪನಿ ಆ ಜಾಗದಲ್ಲಿ ಏನು ಉಳಿಸಿದೆ ಎಂಬುದು ಕಣ್ಣೆದುರೇ ಸಿಗುತ್ತದೆ.

ಯಾರಾದರೂ ಕಂಬವನ್ನು ಹಿಡಿಕೆಗೆ ವೆಲ್ಡಿಂಗ್ ಮಾಡಿಸಿದ್ದರೆ ಅದನ್ನು ಗಾಡಿಯ ಮೇಲೆ ಗ್ರೈಂಡರ್ ಹಚ್ಚಿ ಕೊಯ್ಯಬಾರದು. ಕಿಡಿ ಹಾರುವ ದೂರದಲ್ಲೇ ಪೆಟ್ರೋಲ್ ಟ್ಯಾಂಕ್ ಇದೆ, ಕೆಳಗೆ ವೈರುಗಳಿವೆ. ಇಡೀ ಹಿಡಿಕೆಯನ್ನು ಬಿಚ್ಚಿ ವೆಲ್ಡಿಂಗ್ ಅಂಗಡಿಗೆ ಒಯ್ಯಿರಿ. ಕೊಯ್ಸಿದ ಮೇಲೆ ಮುಳ್ಳು ಉಳಿಯದಂತೆ ಉಜ್ಜಿಸಿ, ಬಣ್ಣ ಹೊಡೆಸಿ, ಮತ್ತೆ ಕೂರಿಸಿ.

ಸಾಮಾನು ಹೆಚ್ಚೇನೂ ಬೇಡ. 10, 12 ಮತ್ತು 13ರ ರಿಂಗ್ ಪಾನಾ ಅಥವಾ ಸಾಕೆಟ್, 4, 5, 6 ಮಿ.ಮೀ. ಅಲನ್ ಕೀಗಳು (ಬೋಲ್ಟಿನ ತಲೆಯ ಆರು ಮೂಲೆಯ ಗುಳಿಗೆ ಇಳಿಯುವ ಕಡ್ಡಿಗಳು), ತುಕ್ಕು ಬಿಡಿಸುವ ಎಣ್ಣೆ, ತಂತಿ ಬ್ರಷ್, ಮಾಸ್ಕಿಂಗ್ ಟೇಪು, ಒಂದು ಹಳೆಯ ಧೋತರ, ಮತ್ತು ಚೀಲ ಹೊಲಿಯುವ ದಬ್ಬಣ. ಬೋಲ್ಟ್ ಎಂ6 (ಅಂದರೆ 6 ಮಿ.ಮೀ. ದಪ್ಪದ್ದು) ಇದ್ದರೆ ತಲೆ ಸಾಮಾನ್ಯವಾಗಿ 10ರದು, ಎಂ8 ಇದ್ದರೆ 12 ಅಥವಾ 13ರದು. ಬಾಯಿ ತೆರೆದ ಪಾನಾ ಬದಲು ರಿಂಗ್ ಪಾನಾವನ್ನೇ ಹಿಡಿಯಿರಿ, ಅದು ತಲೆಯ ಆರೂ ಮೂಲೆಗಳನ್ನು ಹಿಡಿಯುತ್ತದೆ.

ದಬ್ಬಣ ಏಕೆ ಎಂದು ಕೇಳಬಹುದು. ನವಲಗುಂದ, ಅಣ್ಣಿಗೇರಿ ಕಡೆ ಮಳೆಗಾಲದಲ್ಲಿ ಒಮ್ಮೆ ಹೋಗಿಬಂದ ಗಾಡಿಯ ಹಿಂಭಾಗ ನೋಡಿದವರು ಕೇಳುವುದಿಲ್ಲ. ಗಾಲಿ ಎರಚಿದ ಎರೆಮಣ್ಣು ಅಲನ್ ಬೋಲ್ಟಿನ ತಲೆಯ ಗುಳಿಯಲ್ಲಿ ತುಂಬಿಕೊಂಡು, ಒಣಗಿದ ಮೇಲೆ ಸಿಮೆಂಟಿನಂತೆ ಗಟ್ಟಿಯಾಗುತ್ತದೆ. ಹೊರಗಿನಿಂದ ನೋಡಿದರೆ ಗುಳಿ ಸ್ವಚ್ಛವಾಗಿದೆ ಎನಿಸುತ್ತದೆ, ತಳದಲ್ಲಿ ಮಣ್ಣು ಕೂತಿರುತ್ತದೆ. ಆ ಮಣ್ಣಿನ ಮೇಲೆ ಅಲನ್ ಕೀ ಇಟ್ಟರೆ ಅದು ಪೂರ್ತಿ ಇಳಿಯುವುದಿಲ್ಲ. ಒಂದೆರಡು ಮಿಲಿಮೀಟರ್ ಹಿಡಿತದ ಮೇಲೆ ಬಲ ಹಾಕಿದರೆ ಗುಳಿಯ ಮೂಲೆಗಳು ಸವೆದು ದುಂಡಾಗುತ್ತವೆ. ಅಲ್ಲಿಂದ ಮುಂದೆ ಅರ್ಧ ತಾಸಿನ ಕೆಲಸ ಅರ್ಧ ದಿನದ್ದಾಗುತ್ತದೆ. ಆದ್ದರಿಂದ ಗುಳಿಗೆ ಎರಡು ಹನಿ ನೀರು ಬಿಟ್ಟು, ಮಣ್ಣು ಮೆತ್ತಗಾದ ಮೇಲೆ ದಬ್ಬಣದ ಮೊನೆಯಿಂದ ಮೂಲೆ ಮೂಲೆ ಕೆದಕಿ ತೆಗೆಯಿರಿ. ಮೊನೆ ತಳಕ್ಕೆ ಮುಟ್ಟಿದಾಗ ಲೋಹದ ಸದ್ದು ಬರಬೇಕು. ಆಮೇಲೆ ಒರೆಸಿ, ಅಲನ್ ಕೀಯನ್ನು ನೇರವಾಗಿ ಇಟ್ಟು ಮೇಲಿನಿಂದ ಮೆಲ್ಲಗೆ ಒಂದು ಏಟು ಕೊಟ್ಟು ಕೂರಿಸಿ.

ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಡಬಲ್ ಸ್ಟ್ಯಾಂಡ್ ಇದ್ದರೆ ಒಳ್ಳೆಯದು. ಸೈಡ್ ಸ್ಟ್ಯಾಂಡ್ ಮಾತ್ರ ಇದ್ದರೆ ಗೇರಿನಲ್ಲಿಡಿ. ಸೈಲೆನ್ಸರ್ ಪೂರ್ತಿ ತಣ್ಣಗಾಗಿರಲಿ, ಮಂಡಿಯೂರಿ ಕೂತಾಗ ಅದು ತೊಡೆಯ ಪಕ್ಕದಲ್ಲೇ ಇರುತ್ತದೆ. ಮಡ್‌ಗಾರ್ಡಿಗೆ ಪಟ್ಟಿಯ ಸುತ್ತ ಟೇಪು ಅಂಟಿಸಿ, ಮೇಲೆ ಧೋತರ ಹಾಸಿ. ಬ್ಯಾಕ್‌ರೆಸ್ಟ್ ಕೈಯಿಂದ ಜಾರಿದರೆ ಮೊದಲು ಕೆಡುವುದು ಮಡ್‌ಗಾರ್ಡಿನ ಬಣ್ಣ. ಬಿಚ್ಚುವ ಮೊದಲು ಎರಡೂ ಬದಿಯ ಫೋಟೋಗಳನ್ನು ಮೊಬೈಲಿನಲ್ಲಿ ಹತ್ತಿರದಿಂದ ತೆಗೆದುಕೊಳ್ಳಿ. ವಾಷರ್ ಯಾವ ಪದರಿನಲ್ಲಿತ್ತು, ವೈರ್ ಎಲ್ಲಿಂದ ಹಾದಿತ್ತು ಎಂಬುದಕ್ಕೆ ಆಮೇಲೆ ಅದೇ ಸಾಕ್ಷಿ.

ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಹೊರಗೆ ನಿಲ್ಲುವ ಗಾಡಿಗಳ ಬೋಲ್ಟ್ ಸುಲಭಕ್ಕೆ ಬರುವುದಿಲ್ಲ. ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿಡಿ. ಬೋಲ್ಟಿನ ತಲೆಗೆ ಮಾತ್ರ ಬಿಟ್ಟರೆ ಪ್ರಯೋಜನವಿಲ್ಲ. ಮಡ್‌ಗಾರ್ಡಿನ ಕೆಳಗೆ ಕೈ ಹಾಕಿ ಹಲ್ಲುಗಳು ಹೊರಗೆ ಕಾಣುವ ತುದಿಗೆ ಬ್ರಷ್ ಉಜ್ಜಿ, ಅಲ್ಲಿಗೂ ಬಿಡಿ. ಟೈರಿಗೆ, ಡಿಸ್ಕಿಗೆ, ಬ್ರೇಕಿಗೆ ಎಣ್ಣೆ ತಾಗದಂತೆ ಬಟ್ಟೆ ಅಡ್ಡ ಇಡುವುದನ್ನು ಮರೆಯಬಾರದು. ಬೆಳಿಗ್ಗೆ ಬೋಲ್ಟನ್ನು ಮೊದಲು ಬಿಗಿಯುವ ದಿಕ್ಕಿಗೆ ಕೂದಲೆಳೆಯಷ್ಟು ತಿರುಗಿಸಿ, ಆಮೇಲೆ ಸಡಿಲಿಸುವ ದಿಕ್ಕಿಗೆ. ತುಕ್ಕಿನ ಹಿಡಿತ ಮುರಿದಾಗ ಟಕ್ ಎಂದು ಒಂದು ಸದ್ದು ಬರುತ್ತದೆ. ಬರದಿದ್ದರೆ ಪಾನಾಕ್ಕೆ ಪೈಪ್ ಸಿಕ್ಕಿಸಿ ಜಗ್ಗುವ ಕೆಲಸ ಬೇಡ, ಎಂ6 ಬೋಲ್ಟ್ ಅಷ್ಟಕ್ಕೇ ಮುರಿಯುತ್ತದೆ. ತಲೆಯ ಮೇಲೆ ಸುತ್ತಿಗೆಯಿಂದ ನೇರವಾಗಿ ಎರಡು ಏಟು ಕೊಟ್ಟು, ಮತ್ತೆ ಎಣ್ಣೆ ಬಿಟ್ಟು, ಇನ್ನೊಂದು ರಾತ್ರಿ ಕಾಯಿರಿ. ಬೆಂಕಿಯ ಟಾರ್ಚ್ ಹಿಡಿದು ಕಾಯಿಸುವ ಸಲಹೆ ಕೊಡುವವರು ಇದ್ದಾರೆ. ಸೀಟಿನ ಫೋಮ್, ಟೇಲ್ ಲ್ಯಾಂಪ್, ವೈರು ಎಲ್ಲ ಅಂಗೈ ದೂರದಲ್ಲಿರುವ ಜಾಗದಲ್ಲಿ ನಾನಂತೂ ಟಾರ್ಚ್ ಹಿಡಿಯುವುದಿಲ್ಲ. ಅಲನ್ ಗುಳಿ ಈಗಾಗಲೇ ದುಂಡಾಗಿದ್ದರೆ ನಕ್ಷತ್ರ ಆಕಾರದ ಬಿಟ್ ಒಂದನ್ನು ಬಡಿದು ಕೂರಿಸಿ ತಿರುಗಿಸಬಹುದು. 5 ಮಿ.ಮೀ. ಗುಳಿಗೆ ಸಾಮಾನ್ಯವಾಗಿ ಟಿ-30, 6ಕ್ಕೆ ಟಿ-40 ಬಿಗಿಯಾಗಿ ಕೂರುತ್ತದೆ. ಹೀಗೆ ತೆಗೆದ ಬೋಲ್ಟನ್ನು ಮತ್ತೆ ಬಳಸಬೇಡಿ.

ಒಂದು ಬದಿಯ ಎಲ್ಲ ಬೋಲ್ಟುಗಳನ್ನು ಮೊದಲೇ ಕಿತ್ತು ಹಾಕಿದರೆ ಬ್ಯಾಕ್‌ರೆಸ್ಟಿನ ಭಾರವೆಲ್ಲ ಇನ್ನೊಂದು ಬದಿಯ ಮೇಲೆ ಬಿದ್ದು ಪಟ್ಟಿ ತಿರುಚಿಕೊಳ್ಳುತ್ತದೆ. ಎರಡೂ ಬದಿಯ ಬೋಲ್ಟುಗಳನ್ನು ಮೊದಲು ಅರ್ಧರ್ಧ ಸುತ್ತು ಸಡಿಲಿಸಿ. ಆಮೇಲೆ ಮನೆಯವರೊಬ್ಬರಿಗೆ ಮೇಲಿನಿಂದ ಹಿಡಿದುಕೊಳ್ಳಲು ಹೇಳಿ ಒಂದೊಂದಾಗಿ ತೆಗೆಯಿರಿ. ಮಡ್‌ಗಾರ್ಡನ್ನು ಚಾಸಿಗೆ ಹಿಡಿದಿರುವ ಬೋಲ್ಟ್ ಅದೇ ಆಗಿದ್ದರೆ ಎರಡನ್ನೂ ಒಮ್ಮೆಗೇ ತೆಗೆಯಬೇಡಿ, ಮಡ್‌ಗಾರ್ಡ್ ಟೈರಿನ ಮೇಲೆ ಕುಸಿಯುತ್ತದೆ. ಒಂದು ತೆಗೆದು, ಆ ತೂತಿಗೆ ತಾತ್ಕಾಲಿಕವಾಗಿ ಇನ್ನೊಂದು ಬೋಲ್ಟ್ ಸಿಕ್ಕಿಸಿ, ಆಮೇಲೆ ಮುಂದಿನದಕ್ಕೆ ಹೋಗಿ. ಇಂಡಿಕೇಟರ್ ವೈರ್ ಪಟ್ಟಿಯೊಳಗಿಂದ ಹಾದಿದ್ದರೆ ಬ್ಯಾಟರಿಯ ನೆಗೆಟಿವ್ ತುದಿ ಬಿಚ್ಚಿ, ಕನೆಕ್ಟರನ್ನು ಹಿಡಿದು ಎಳೆಯಿರಿ, ವೈರನ್ನು ಎಳೆಯಬೇಡಿ. ಇಷ್ಟಾದರೆ ಬ್ಯಾಕ್‌ರೆಸ್ಟ್ ಕೈಗೆ ಬರುತ್ತದೆ.

ಹೆಚ್ಚಿನವರು ಇಲ್ಲಿಗೆ ಕೆಲಸ ಮುಗಿಯಿತೆಂದು ಅದೇ ಬೋಲ್ಟುಗಳನ್ನು ಅದೇ ತೂತಿಗೆ ಮತ್ತೆ ಬಿಗಿದು ಎದ್ದುಬಿಡುತ್ತಾರೆ. ನಾನು ಈ ಬರಹ ಬರೆಯಲು ಕೂತದ್ದೇ ಆ ಬೋಲ್ಟಿನ ಸಲುವಾಗಿ. ಬ್ಯಾಕ್‌ರೆಸ್ಟ್ ಇದ್ದಾಗ ಆ ಬೋಲ್ಟ್ ಪಟ್ಟಿಯ ದಪ್ಪವನ್ನು ದಾಟಿ, ಹಿಡಿಕೆಯ ದಪ್ಪವನ್ನು ದಾಟಿ, ಆಮೇಲೆ ಚಾಸಿಯ ಹಲ್ಲಿಗೆ ಹೋಗುತ್ತಿತ್ತು. ಅದಕ್ಕೆ ತಕ್ಕ ಉದ್ದವಿತ್ತು. ಈಗ ಪಟ್ಟಿ ಇಲ್ಲ. ಪಟ್ಟಿ 4 ಮಿ.ಮೀ. ದಪ್ಪವಿತ್ತೆನ್ನಿ. ಸಾಮಾನ್ಯ ಎಂ8 ಬೋಲ್ಟಿನಲ್ಲಿ ಒಂದು ಹಲ್ಲಿನಿಂದ ಇನ್ನೊಂದು ಹಲ್ಲಿಗೆ 1.25 ಮಿ.ಮೀ. ಅಂತರ. ಅಂದರೆ ಅದೇ ಬೋಲ್ಟ್ ಈಗ ಮೂರು ಸುತ್ತಿಗೂ ಮಿಕ್ಕಿ ಒಳಗೆ ಹೋಗುತ್ತದೆ.

ಒಳಗಿನ ತೂತು ಮುಚ್ಚಿದ ತೂತಾಗಿದ್ದರೆ ಬೋಲ್ಟಿನ ತುದಿ ತಳಕ್ಕೆ ತಾಗಿ ನಿಲ್ಲುತ್ತದೆ. ಪಾನಾ ಹಿಡಿದ ಕೈಗೆ ಬಿಗಿಯಾಯಿತು ಎನಿಸುತ್ತದೆ, ಆದರೆ ತಲೆ ಹಿಡಿಕೆಯನ್ನು ಒತ್ತಿಯೇ ಇರುವುದಿಲ್ಲ. ಹಿಡಿಕೆ ಅಲುಗಾಡುತ್ತಾ ಹೋಗಿ, ಒಂದು ದಿನ ಹಿಂದೆ ಕುಳಿತವರು ಬಲವಾಗಿ ಜಗ್ಗಿದಾಗ ಕೈಗೆ ಬರುತ್ತದೆ. ತೂತು ಆರುಪಾರಾಗಿದ್ದರೆ ತುದಿ ಇನ್ನೊಂದು ಕಡೆಗೆ ಚಾಚಿಕೊಳ್ಳುತ್ತದೆ. ಅಲ್ಲಿ ಇರುವುದು ಟೇಲ್ ಲ್ಯಾಂಪಿನ ವೈರ್ ಅಥವಾ ಟೈರ್. ಗಾಡಿ ನಿಂತಾಗ ಟೈರಿಗೂ ಬೋಲ್ಟಿಗೂ ಎರಡು ಬೆರಳು ಅಂತರ ಕಂಡರೂ, ಇಬ್ಬರು ಕುಳಿತು ರೋಡ್ ಹಂಪ್ ಮೇಲೆ ಹತ್ತಿದಾಗ ಶಾಕ್ ಅಬ್ಸಾರ್ಬರ್ ಒತ್ತಿಕೊಂಡು ಟೈರ್ ಮೇಲಕ್ಕೆ ಬರುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು.

ದಾರಿ ಎರಡಿವೆ. ಒಂದು, ಪಟ್ಟಿಯಷ್ಟೇ ದಪ್ಪದ ವಾಷರ್ ಅಥವಾ ಸ್ಪೇಸರ್ ಹಾಕಿ ಹಳೆಯ ಬೋಲ್ಟನ್ನೇ ಬಳಸುವುದು. ತೆಳು ವಾಷರುಗಳನ್ನು ಒಂದರ ಮೇಲೊಂದು ಪೇರಿಸುವುದಕ್ಕಿಂತ ಒಂದೇ ಗಟ್ಟಿ ಸ್ಪೇಸರ್ ಒಳ್ಳೆಯದು. ಗೋಕುಲ ರಸ್ತೆಯ ಕೈಗಾರಿಕಾ ಪ್ರದೇಶದಲ್ಲಿ ಲೇತ್ ಇರುವವರಿಗೆ ಅಳತೆ ಕೊಟ್ಟರೆ ತಿರುಗಿಸಿ ಕೊಡುತ್ತಾರೆ. ಎರಡನೆಯದು, ಪಟ್ಟಿಯ ದಪ್ಪದಷ್ಟು ಗಿಡ್ಡ ಬೋಲ್ಟ್ ತರುವುದು. ನನ್ನ ಮಟ್ಟಿಗೆ ಎರಡನೆಯದೇ ಸರಿ, ನಡುವೆ ಪದರು ಕಡಿಮೆಯಾದಷ್ಟೂ ಸಡಿಲಾಗುವ ಅವಕಾಶ ಕಡಿಮೆ. ನಟ್ ಬೋಲ್ಟ್ ಅಂಗಡಿಗೆ ಹಳೆಯ ಬೋಲ್ಟನ್ನೂ ಒಯ್ಯಿರಿ, ಹಲ್ಲು ಹಲ್ಲಿಗೆ ಹೊಂದಿಸಿ ನೋಡಿ ತನ್ನಿ. ತಲೆಯ ಮೇಲೆ 8.8 ಎಂದು ಕೆತ್ತಿರಲಿ, ಅದು ಬೋಲ್ಟಿನ ಬಲದ ದರ್ಜೆ. ಹೊಳೆಯುತ್ತದೆ ಎಂದು ಸ್ಟೇನ್‌ಲೆಸ್ ಬೋಲ್ಟ್ ಕೇಳುವವರು ಬಹಳ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಎ2-70 ದರ್ಜೆಯ ಸ್ಟೇನ್‌ಲೆಸ್ ಬೋಲ್ಟಿನ ಎಳೆತದ ಬಲ ಪ್ರತಿ ಚದರ ಮಿ.ಮೀ.ಗೆ 700 ನ್ಯೂಟನ್, 8.8ರದು 800. ಮನುಷ್ಯರ ಭಾರ ಜೋಲುವ ಹಿಡಿಕೆಗೆ ನಾನು ಹೊಳಪು ನೋಡುವುದಿಲ್ಲ.

ಗಿಡ್ಡ ಬೋಲ್ಟ್ ತೀರಾ ಗಿಡ್ಡವೂ ಆಗಬಾರದು. ಎಂ8 ಬೋಲ್ಟಿನ ಹಲ್ಲುಗಳು ಕಬ್ಬಿಣದೊಳಗೆ ಕನಿಷ್ಠ 8 ಮಿ.ಮೀ. ಆದರೂ ಕೂತಿರಬೇಕು. ಕೈಯಿಂದಲೇ ಮೊದಲ ಕೆಲವು ಸುತ್ತು ತಿರುಗಿಸಿ. ಪಾನಾ ಹಚ್ಚದೆ ಆರು ಸುತ್ತೂ ಹೋಗದಿದ್ದರೆ ಬೋಲ್ಟ್ ಗಿಡ್ಡವಾಗಿದೆ ಅಥವಾ ಹಲ್ಲು ಅಡ್ಡ ಹತ್ತಿದೆ. ಹಲ್ಲಿಗೆ ನೀಲಿ ಥ್ರೆಡ್ ಲಾಕ್ (ಹಲ್ಲು ಸಡಿಲಾಗದಂತೆ ಹಿಡಿಯುವ ಅಂಟು) ಒಂದು ಹನಿ ಸಾಕು. ಕೆಂಪು ಬೇಡ, ಅದನ್ನು ಮತ್ತೆ ಬಿಚ್ಚಲು ಕಾಯಿಸಬೇಕಾಗುತ್ತದೆ. ಒಳಗೆ ನೈಲಾನ್ ಬಳೆ ಇರುವ ನಟ್ ಬಿಚ್ಚಿದ್ದರೆ ಹೊಸದನ್ನೇ ಹಾಕಿ. ಬಿಗಿತಕ್ಕೆ ಗಾಡಿಯ ಕೈಪಿಡಿಯಲ್ಲಿ ಅಂಕಿ ಇದ್ದರೆ ಅದೇ ಅಂತಿಮ. ಇಲ್ಲದಿದ್ದರೆ ಎಂ6ಕ್ಕೆ ಸುಮಾರು 10, 8.8 ದರ್ಜೆಯ ಎಂ8ಕ್ಕೆ 20ರಿಂದ 25 ನ್ಯೂಟನ್ ಮೀಟರ್.

ಬಿಗಿದ ಮೇಲೆ ಹಿಡಿಕೆಯನ್ನು ಎರಡೂ ಕೈಯಿಂದ ಹಿಡಿದು ಮೇಲಕ್ಕೆ, ಹಿಂದಕ್ಕೆ, ಬದಿಗೆ ಜಗ್ಗಿ ನೋಡಿ. ಕದಲಬಾರದು. ಆಮೇಲೆ ಇಬ್ಬರು ಸೀಟಿನ ಮೇಲೆ ಕೂತು ಮೇಲೆ ಕೆಳಗೆ ಒತ್ತಲಿ, ಮೂರನೆಯವರು ಬಗ್ಗಿ ಟೈರಿಗೂ ಬೋಲ್ಟಿನ ತುದಿಗೂ ಇರುವ ಅಂತರವನ್ನು ಬ್ಯಾಟರಿ ಬೆಳಕು ಹಿಡಿದು ನೋಡಲಿ. ಬ್ಯಾಟರಿ ತುದಿ ಜೋಡಿಸಿ, ಇಂಡಿಕೇಟರ್, ಬ್ರೇಕ್ ಲೈಟ್ ಹತ್ತುತ್ತವೆಯೇ ಎಂದು ಪರೀಕ್ಷಿಸಿ. ಪಟ್ಟಿಗೆಂದು ಮಡ್‌ಗಾರ್ಡಿಗೆ ಹೊಸ ತೂತು ಕೊರೆದಿದ್ದರೆ ಅದನ್ನು ಹಾಗೇ ಬಿಡಬಾರದು. ಮಳೆಯಲ್ಲಿ ಗಾಲಿಯ ಕೆಸರು ಆ ತೂತಿನಿಂದಲೇ ಮೇಲಕ್ಕೆ ಚಿಮ್ಮುತ್ತದೆ, ಕೊರೆದ ಅಂಚಿಗೆ ಬಣ್ಣವಿಲ್ಲದೆ ತುಕ್ಕು ಹಬ್ಬುತ್ತದೆ. ಅಂಚಿಗೆ ಬಣ್ಣ ಹಚ್ಚಿ ರಬ್ಬರ್ ಬುಚ್ಚ ತುರುಕಿ.

ಇನ್ನು ಹಿಂದೆ ಕೂರುವವರ ವಿಷಯ. ಕ್ರೂಸರ್‌ಗಳ ಹಿಂದಿನ ಸೀಟು ಅನೇಕ ಗಾಡಿಗಳಲ್ಲಿ ಗಿಡ್ಡ, ಕೆಲವದರಲ್ಲಿ ಹಿಂದಕ್ಕೆ ಇಳಿಜಾರು. ಬ್ಯಾಕ್‌ರೆಸ್ಟ್ ಇದ್ದಾಗ ನೀವು ಥಟ್ಟನೆ ಎಕ್ಸಲರೇಟರ್ ತಿರುಗಿಸಿದರೂ ಅವರ ಬೆನ್ನಿಗೆ ತಡೆ ಇತ್ತು, ಈಗಿಲ್ಲ. ಮೊದಲ ಸಲ ಹೊರಡುವ ಮುನ್ನ ನಿಂತ ಗಾಡಿಯಲ್ಲೇ ಅವರ ಕೈ ಹಿಡಿದು ಹಿಡಿಕೆಯ ಮೇಲೆ ಇಡಿ. ಅತ್ತೆಗೆ ನಾನು ಹಾಗೇ ಮಾಡಿದೆ. ಅವರ ಎಡಗೈ ಮೊದಲು ಗಾಳಿಯಲ್ಲಿ ಹಳೆಯ ಕಂಬವನ್ನು ಹುಡುಕಿತು, ಆಮೇಲೆ ಕೆಳಗಿಳಿದು ಹಿಡಿಕೆಗೆ ಸಿಕ್ಕಿತು. ಹಿಡಿಕೆ ತಣ್ಣಗೆ, ನುಣ್ಣಗೆ ಇದ್ದದ್ದರಿಂದ ಅದಕ್ಕೆ ಸೈಕಲ್ ಅಂಗಡಿಯಿಂದ ತಂದ ರಬ್ಬರ್ ಟ್ಯೂಬಿನ ಪಟ್ಟಿ ಬಿಗಿಯಾಗಿ ಸುತ್ತಿಕೊಟ್ಟೆ. ಬೆವರಿದ ಕೈಯೂ ಜಾರುವುದಿಲ್ಲ. ಮಕ್ಕಳನ್ನು ಹಿಂದೆ ಕೂರಿಸಿಕೊಂಡು ದೂರ ಹೋಗುವವರು, ನಿದ್ದೆಗಣ್ಣಿನವರನ್ನು ರಾತ್ರಿ ಕರೆದೊಯ್ಯುವವರು ಬ್ಯಾಕ್‌ರೆಸ್ಟ್ ಬಿಚ್ಚಬಾರದೆಂದೇ ನನ್ನ ಅಭಿಪ್ರಾಯ. ಮೂಟೆ ಕಟ್ಟಲು ಜಾಗ ಬೇಕೆಂದು ಬಿಚ್ಚುವವರು ಅಮರಗೋಳ ಎಪಿಎಂಸಿಗೆ ಹೋಗುವ ದಿನ ಬಿಚ್ಚಿ, ಮನೆಯವರು ಕೂರುವ ದಿನ ಮತ್ತೆ ಹಾಕಲಿ. ಬೋಲ್ಟುಗಳ ಎರಡು ಜೊತೆ ಬೇರೆ ಬೇರೆ ಇಟ್ಟುಕೊಂಡರೆ ಅದು ಕಷ್ಟವೇನಲ್ಲ.

ಬಿಚ್ಚಿದ ಬ್ಯಾಕ್‌ರೆಸ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅಟ್ಟಕ್ಕೆ ಎಸೆಯಬೇಡಿ. ದಿಂಬಿನ ಫೋಮಿನಲ್ಲಿ ಉಳಿದ ತೇವಕ್ಕೆ ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ. ಎರಡು ದಿನ ಬಿಸಿಲಿಗಿಟ್ಟು, ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಕ್ರೋಮ್ ಇರುವ ಜಾಗಕ್ಕೆ ತೆಳ್ಳಗೆ ಎಣ್ಣೆ ಒರೆಸಿ. ಉದ್ದದ ಬೋಲ್ಟುಗಳನ್ನು ಅದೇ ಪಟ್ಟಿಯ ತೂತುಗಳಿಗೆ ಸಿಕ್ಕಿಸಿ ನಟ್ ಹಾಕಿಟ್ಟರೆ ಹುಡುಕುವ ಕೆಲಸ ತಪ್ಪುತ್ತದೆ. ಎಡ, ಬಲ ಎಂದು ಟೇಪಿನ ಮೇಲೆ ಬರೆದು ಅಂಟಿಸಿ, ಅಂಗಡಿಯಲ್ಲಿ ಮಾಡಿಸಿದ ಪಟ್ಟಿಗಳು ಎರಡೂ ಬದಿಗೆ ಒಂದೇ ಅಳತೆಯವಾಗಿರುವುದು ಅಪರೂಪ.

ಗಾಡಿ ಐವತ್ತು ಕಿಲೋಮೀಟರ್ ಓಡಿದ ಮೇಲೆ ಹಿಡಿಕೆಯ ಬೋಲ್ಟುಗಳಿಗೆ ಇನ್ನೊಮ್ಮೆ ಪಾನಾ ಹಚ್ಚಿ ನೋಡಿ. ಇದಕ್ಕೆ ಒಂದು ಉಪಾಯ: ಬಿಗಿದ ದಿನವೇ ಬೋಲ್ಟಿನ ತಲೆಯಿಂದ ಹಿಡಿಕೆಯ ಮೇಲಕ್ಕೆ ಬಿಳಿ ಬಣ್ಣದ ಒಂದು ಗೆರೆ ಎಳೆದಿಡಿ. ಮುಂದೆ ಯಾವ ದಿನ ಗಾಡಿ ತೊಳೆದರೂ ಬಗ್ಗಿ ಆ ಗೆರೆ ನೋಡಿ. ತಲೆಯ ಮೇಲಿನ ಗೆರೆಯೂ ಹಿಡಿಕೆಯ ಮೇಲಿನ ಗೆರೆಯೂ ಒಂದೇ ಸಾಲಿನಲ್ಲಿದ್ದರೆ ಬೋಲ್ಟ್ ತಿರುಗಿಲ್ಲ. ಸಾಲು ತಪ್ಪಿದ್ದರೆ ಅದನ್ನು ಬಿಚ್ಚಿ, ಹಲ್ಲು ಒರೆಸಿ, ಹೊಸ ಹನಿ ಥ್ರೆಡ್ ಲಾಕ್ ಹಾಕಿ ಮತ್ತೆ ಬಿಗಿಯಿರಿ.